ಚಂದನಳ ಮೊದಲ ಆಷಾಢ

ಹೆಣ್ಣು ನೋಡಲು ಬಂದವರು ಅಡುಗೆ ಬರುತ್ತದೆಯೇ, ಎಷ್ಟು ಓದಿದ್ದೀಯ ಎಂದು ಕೇಳುವುದು ವಾಡಿಕೆ. ಚಿಕ್ಕರಸಿನಕೆರೆಯ ಹೊಂಬಾಳಮ್ಮ ಮಗ ಅಶೋಕನಿಗೆ ಹೆಣ್ಣು ನೋಡಲು ಮಳವಳ್ಳಿ ಪಕ್ಕದ ಹಳ್ಳಿಗೆ ಹೋದಾಗ, ಕಾಫಿ ಲೋಟ ಕೆಳಗಿಟ್ಟು ಕೇಳಿದ ಪ್ರಶ್ನೆಯೇ ಬೇರೆ.

"ನಮ್ಮನೇಗೆ ವರ್ಸವರ್ಸವೂ ಫಾರಿನ್ನೋರು ಬತ್ತಾರೆ ಕಣವ್ವ. ಸುಧಾರಿಸ್ಕಂಡು ಓಯ್ತೀಯಾ ತಾನೆ?"

ಎದುರಿಗೆ ಎರಡೂ ಕಡೆಯ ಹಿರಿಯರು, ಬಾಗಿಲ ಮರೆಯಲ್ಲಿ ಅವ್ವ, ಕೈಯಲ್ಲಿ ತಿಂಡಿ ತಟ್ಟೆ. ಅಂಥ ಹೊತ್ತಿನಲ್ಲಿ ಯಾವ ಹುಡುಗಿ ಆಗಲ್ಲ ಅಂದಾಳು? ಚಂದನ ತಲೆ ತಗ್ಗಿಸಿ ಹೂಂ ಅಂದಳು. ಹೂಂ ಅಂದದ್ದು ಯಾವುದಕ್ಕೆ ಎಂದು ಅವಳಿಗೆ ತಿಳಿದದ್ದು ಮದುವೆಯಾಗಿ ನಾಲ್ಕು ತಿಂಗಳ ಮೇಲೆ.

ಆ ಫಾರಿನ್ನೋರಿಗೆ ಕನ್ನಡ ಹೇಳಿಕೊಡುವವಳು ನಾನೇ. ನನ್ನ ಹೆಸರು ಗೋದಾ, ಮಂಡ್ಯದವಳು, ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು. ಅಮೆರಿಕದ ಒಂದು ವಿಶ್ವವಿದ್ಯಾಲಯ ತನ್ನ ಬೇಸಿಗೆ ರಜೆಯಲ್ಲಿ ಕನ್ನಡ ಕಲಿಯುವ ಹುಡುಗ ಹುಡುಗಿಯರನ್ನು ಇಲ್ಲಿಗೆ ಕಳಿಸುತ್ತದೆ. ಅವರ ಬೇಸಿಗೆ ಅಂದರೆ ನಮ್ಮ ಮುಂಗಾರು. ಬೆಳಿಗ್ಗೆ ಮಂಡ್ಯದಲ್ಲಿ ನನ್ನ ಪಾಠ, ಆಮೇಲೆ ಹಳ್ಳಿಮನೆಗಳಲ್ಲಿ ವಾಸ. ಊಟ, ನಿದ್ದೆ, ಮುನಿಸು ಎಲ್ಲವೂ ಕನ್ನಡದಲ್ಲೇ ಆಗಬೇಕು ಎಂಬುದು ಅವರ ವ್ರತ. ಇಂಗ್ಲಿಷಿನಲ್ಲಿ ಒಂದು ಮಾತು ಆಡಿದರೂ ವ್ರತಭಂಗ. ಆದರೂ ಬಂದ ಮಕ್ಕಳು ಹುಷಾರು ತಪ್ಪಿದರೆ, ಹೆದರಿದರೆ ಅಂತ ಇನ್ನೊಂದು ನಿಯಮ ಇಟ್ಟಿದ್ದಾರೆ. ಪ್ರತಿ ಮನೆಯಲ್ಲೂ ಇಂಗ್ಲಿಷ್ ಬಲ್ಲ ಒಬ್ಬ ಹೆಂಗಸಿರಬೇಕು, ಆಕೆ ಒಂದು ರಾತ್ರಿಯೂ ಮನೆ ಬಿಡಕೂಡದು.

ಹೊಂಬಾಳಮ್ಮನ ಮನೆಯಲ್ಲಿ ಆ ಹೆಂಗಸು ಅವರ ಮಗಳು ವೀಣ. ಹೋದ ವರ್ಷ ವೀಣ ಮದುವೆಯಾಗಿ ಗಂಡನ ಮನೆಗೆ ಹೋದಳು. ಯಜಮಾನರು ಯಾವತ್ತೋ ತೀರಿಹೋದ ಮನೆ, ಅಶೋಕ ಎಸೆಸೆಲ್ಸಿಗೇ ಪುಸ್ತಕ ಮುಚ್ಚಿ ಆಲೆಮನೆ ಹಿಡಿದವನು. ಹೊಂಬಾಳಮ್ಮನಿಗಂತೂ ಈ ವಿದೇಶಿ ಮಕ್ಕಳೆಂದರೆ ಪ್ರಾಣ, ಅದಕ್ಕಿಂತ ಹೆಚ್ಚಾಗಿ ಆ ಮಕ್ಕಳಿಂದ ಊರಿನಲ್ಲಿ ಸಿಗುವ ಮರ್ಯಾದೆಯ ಮೇಲೆ ಪ್ರಾಣ. ಬಸ್ಸಿನಲ್ಲಿ ಜನ ಎದ್ದು ಸೀಟು ಕೊಡುತ್ತಾರಲ್ಲ! ಹಾಗಾಗಿ ಬಿ.ಎ. ಮಾಡಿದ ಸೊಸೆಯನ್ನೇ ಹುಡುಕಿ ತಂದರು. ತಪ್ಪು ಅನ್ನಲಾರೆ, ಆದರೆ ಆ ಮನೆಯಲ್ಲಿ ಜಾತಕಕ್ಕಿಂತ ಇಂಗ್ಲಿಷೇ ಮುಖ್ಯವಾಯಿತು ಅನ್ನುವುದನ್ನು ಮುಚ್ಚಿಡಲೂ ಆರೆ.

ಆಷಾಢ ಬಂತು. ಮದುವೆಯಾದ ಮೊದಲ ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಹೊಸಿಲು ದಾಟಬಾರದು, ಗಂಡ ಹೆಂಡತಿ ಒಂದೇ ಸೂರಿನಡಿ ಮಲಗಬಾರದು ಎಂದು ಹೆಣ್ಣನ್ನು ತವರಿಗೆ ಕಳಿಸುವುದು ನಮ್ಮ ಕಡೆಯ ಪದ್ಧತಿ. ಇಂಥ ಪದ್ಧತಿಗಳ ಮೇಲೆ ನನಗೆ ಅಂಥ ಭಕ್ತಿಯೇನಿಲ್ಲ. ಆದರೆ ಹೊಸ ಮನೆಯಲ್ಲಿ ಉಸಿರು ಬಿಗಿಹಿಡಿದು ನಿಂತ ಹುಡುಗಿಗೆ ಒಂದು ತಿಂಗಳು ಅವ್ವನ ಮಡಿಲು ಸಿಗುತ್ತದಲ್ಲ, ಅದಕ್ಕಾದರೂ ಈ ಪದ್ಧತಿ ಇರಲಿ ಅನ್ನಿಸುತ್ತದೆ. ಆ ಸುಖ ಜನ್ಮಕ್ಕೆ ಒಂದೇ ಸಲ. ಮರುವರ್ಷ ಕೇಳಿದರೆ ಇನ್ನೂ ಎಂಥ ಹೊಸ ಮದುವಣಗಿತ್ತಿ ಅಂತ ನಗುತ್ತಾರೆ. ಚಂದನ ಬ್ಯಾಗಿಗೆ ಸೀರೆ ತುಂಬಿಟ್ಟಿದ್ದಳು. ಅಷ್ಟರಲ್ಲಿ ನೋರಾ ಬಂದಳು.

ನೋರಾ ನನ್ನ ತರಗತಿಯ ಹುಡುಗಿ, ಇಪ್ಪತ್ತು ವರ್ಷದವಳು, ಒಳ್ಳೆಯವಳು. ಇಂಗ್ಲಿಷ್ ಬಲ್ಲ ಹೆಂಗಸು ಮನೆಯಲ್ಲಿಲ್ಲದಿದ್ದರೆ ನೋರಾಳ ಮನೆಯನ್ನೇ ಬದಲಾಯಿಸಬೇಕಾಗುತ್ತದೆ ಎಂದು ಕಾರ್ಯಕ್ರಮ ನೋಡಿಕೊಳ್ಳುವ ಶ್ರೀಕರ ಹೇಳಿಬಿಟ್ಟ. ಹೊಂಬಾಳಮ್ಮ ಒಂದು ಸಂಜೆಯೆಲ್ಲ ಜಗಲಿಯ ಮೇಲೆ ಎಲೆಯಡಿಕೆ ಹಾಕಿಕೊಂಡು ಯೋಚಿಸಿದರು. ಆಮೇಲೆ ಅವರು ಹುಡುಕಿದ ದಾರಿಯನ್ನು ಯಾವ ವಕೀಲನೂ ಹುಡುಕಲಾರ.

"ಒಂದೇ ಹೊಸ್ಲು ದಾಟ್ಬಾರ್ದು ಅಂತ ತಾನೆ ಸಾಸ್ತ್ರ? ಸೊಸೇನೇ ಓಗ್ಬೇಕು ಅಂತ ಯಾರಂದೋರು? ನಾನೇ ಓಯ್ತೀನಿ ಬುಡು."

ಹೋಗಿಯೇಬಿಟ್ಟರು! ಐವತ್ತೈದು ದಾಟಿದ ಹೆಂಗಸು ಬ್ಯಾಗು ಹಿಡಿದು, ಹೊಸ ಮದುವಣಗಿತ್ತಿಯ ಗತ್ತಿನಲ್ಲಿ ತಮ್ಮ ತವರು ಕೊಕ್ಕರೆ ಬೆಳ್ಳೂರಿಗೆ ಬಸ್ಸು ಹತ್ತಿದರು. ಅಲ್ಲಿ ಅಣ್ಣಂದಿರು, ಅತ್ತಿಗೆಯರು, ಕೂತಲ್ಲಿಗೆ ಊಟ, ವಾರಕ್ಕೊಮ್ಮೆ ಎಣ್ಣೆನೀರು. ಅಶೋಕ ರಾತ್ರಿ ಮಲಗಲು ಚಿಕ್ಕಪ್ಪನ ಮನೆಗೆ ಹೋಗತೊಡಗಿದ. ಶಾಸ್ತ್ರಕ್ಕೆ ಎಲ್ಲೂ ಕೊರತೆಯಾಗಲಿಲ್ಲ. ಚಂದನಳ ಬ್ಯಾಗು ಮಾತ್ರ ತುಂಬಿದ ಹಾಗೇ ಅಟ್ಟದ ಕೆಳಗೆ ಉಳಿಯಿತು. ಬರಿದು ಮಾಡಲು ಅವಳಿಗೆ ಮನಸ್ಸಾಗಲಿಲ್ಲವಂತೆ.

ಆಮೇಲೆ ಅವಳಿಗೂ ನೋರಾಳಿಗೂ ಬಿಟ್ಟೂಬಿಡದ ನಂಟು. ಚಂದನ ಕೊಟ್ಟಿಗೆಗೆ ಹೋದರೆ ನೋರಾ ಕೊಟ್ಟಿಗೆಗೆ, ಅಂಗಡಿಗೆ ಹೋದರೆ ಅಂಗಡಿಗೆ. ರಾತ್ರಿ ಗೋಡೆಯ ಹಲ್ಲಿ ಕಂಡರೆ ಚಂದನಳ ಕೋಣೆಗೇ ಹಾಸಿಗೆ. ಆ ಹುಡುಗಿಯನ್ನು ಒಂಟಿಯಾಗಿ ಬಿಟ್ಟು ಬೀದಿ ಕೊನೆಗೆ ಹೋಗುವ ಹಾಗಿಲ್ಲ. ಇಂಗ್ಲಿಷಿಗಾಗಿಯೇ ತಂದ ಸೊಸೆ, ಆದರೆ ವ್ರತದ ಪ್ರಕಾರ ಇಂಗ್ಲಿಷ್ ಆಡುವ ಹಾಗೂ ಇಲ್ಲ. ಸಂಜೆ ತವರಿನಿಂದ ಅವ್ವ ಸಣ್ಣತಾಯಮ್ಮನ ಫೋನು ಬಂದಾಗ ಜಗಲಿಗೆ ಬಂದು ಮಾತಾಡಿದರೆ ನೋರಾ ಪಕ್ಕದಲ್ಲೇ ಬಂದು ಕೂರುತ್ತಿದ್ದಳು. ಮನೆಯವರ ಮಾತನ್ನು ಎಷ್ಟು ಕೇಳಿಸಿಕೊಂಡರೆ ಅಷ್ಟು ಕಲಿಯುತ್ತೀರಿ ಎಂದು ನಾನೇ ಪಾಠ ಹೇಳಿದ್ದೆ. ಅವ್ವನ ಹತ್ತಿರ ಅಳಬೇಕೆಂದರೂ ಚಂದನಳಿಗೆ ಒಂದು ಮೂಲೆ ಸಿಗಲಿಲ್ಲ. ಅವಳು ಇದನ್ನು ನನಗೆ ನಗುತ್ತಲೇ ಹೇಳಿದಳು. ನನಗೆ ನಗು ಬರಲಿಲ್ಲ.

ನೋರಾ ನಮ್ಮ ಒಂದು ಪದ್ಧತಿಯ ಬಗ್ಗೆ ತರಗತಿಯಲ್ಲಿ ಮಾತಾಡಬೇಕಿತ್ತು. ಅವಳು ಆಷಾಢವನ್ನೇ ಆರಿಸಿಕೊಂಡಳು. ಊರಿನ ಹೆಂಗಸರನ್ನೆಲ್ಲ ವಿಚಾರಿಸಿ ತಿಳಿದುಕೊಂಡು, ಕೊನೆಗೆ ಚಂದನಳನ್ನೇ ಕೇಳಿದಳಂತೆ, ಅಕ್ಕ ನೀವ್ಯಾಕೆ ಹೋಗಲಿಲ್ಲ ಅಂತ. ಚಂದನ ಮುದ್ದೆ ಕಟ್ಟುತ್ತಲೇ ಕೂತಳು. ಹುಡುಗಿ ಜಾಣೆ, ಅರ್ಥ ಮಾಡಿಕೊಂಡಳು. ಮಾರನೆಯ ದಿನ ಅಳುಮುಖ ಮಾಡಿಕೊಂಡು ಶ್ರೀಕರನ ಮುಂದೆ ನಿಂತಳು. "ಅಕ್ಕ ತವರಿಗೆ ಓಗ್ಬೇಕು ಸಾರ್" ಅಂದಳು. ನಾನು ಕಲಿಸಿದ ಗ್ರಾಂಥಿಕ ಕನ್ನಡವೆಲ್ಲ ಹೋಗಿ ಚಂದನಳ ಕನ್ನಡ ಅವಳ ಬಾಯಿಗೆ ಬಂದಿತ್ತು.

ಶ್ರೀಕರ ಕೆಟ್ಟವನಲ್ಲ, ಆದರೆ ಎಲ್ಲವನ್ನೂ ಕಾರ್ಯಕ್ರಮ ಮಾಡದೆ ಅವನಿಗೆ ನಿದ್ದೆ ಬರುವುದಿಲ್ಲ. ಆ ಶನಿವಾರದ ಪ್ರವಾಸದ ಪಟ್ಟಿಯಲ್ಲಿ 'ತವರುಮನೆ ಭೇಟಿ, ಮಧ್ಯಾಹ್ನದ ಊಟ' ಎಂದು ಸೇರಿಸಿದ. ಎಲ್ಲ ವಿದ್ಯಾರ್ಥಿಗಳೂ ಬರುತ್ತಾರೆ, ವಿವರಣೆ ಕೊಡಲು ಚಂದನಳೂ ಬರುತ್ತಾಳೆ, ಸಂಜೆಗೆ ವಾಪಸು. ಹೀಗೆ ಚಂದನ ತನ್ನ ಅವ್ವನ ಮನೆಗೆ ಮಿನಿ ಬಸ್ಸಿನಲ್ಲಿ, ಗೈಡಾಗಿ, ಕುತ್ತಿಗೆಗೆ ಗುರುತಿನ ಚೀಟಿ ನೇತುಹಾಕಿಕೊಂಡು ಹೋದಳು.

ಸಣ್ಣತಾಯಮ್ಮನಿಗೆ ಮಗಳು ಬರುತ್ತಾಳೆ, ಜೊತೆಗೆ ಊಟಕ್ಕೆ ಜನ ಇರುತ್ತಾರೆ ಅನ್ನುವುದು ಗೊತ್ತಿತ್ತು. ಸಂಜೆಗೆ ಹೊರಡುತ್ತಾಳೆ ಅನ್ನುವುದನ್ನು ಯಾರೂ ಹೇಳಿರಲಿಲ್ಲ. ಆಕೆ ಕೋಣೆಯಲ್ಲಿ ಒಗೆದ ದುಪ್ಪಟಿ ಹಾಸಿದ್ದರು. ಬಚ್ಚಲ ಹಂಡೆಯಡಿ ಬೆಳಗಿನಿಂದ ಸೌದೆ ಉರಿಯುತ್ತಿತ್ತು, ಮಗಳಿಗೆ ಎಣ್ಣೆನೀರು ಹಾಕಲೆಂದು. ಬಂದದ್ದು ಒಂದು ಬಸ್ಸು ಜನ. ಪಾಪ, ಆಕೆ ಸೆರಗು ಸಿಕ್ಕಿಸಿಕೊಂಡು ಎಲ್ಲರಿಗೂ ಮುದ್ದೆ, ಬಸ್ಸಾರು, ಒಬ್ಬಟ್ಟು ಬಡಿಸಿದರು. ಚಂದನ ಒರಳಿನ ಪಕ್ಕ ನಿಂತು ಒರಳೆಂದರೇನು ಎಂದು ವಿವರಿಸಿದಳು. ದೇವರ ಮೂಲೆ, ಅಡುಗೆ ಮನೆ, ತಾನು ಓದುತ್ತಿದ್ದ ಕಿಟಕಿ, ಎಲ್ಲ ತೋರಿಸಿದಳು. ಒಬ್ಬ ಹುಡುಗ ಹಂಡೆಯ ಹೊಗೆಯ ಫೋಟೊ ಹಿಡಿದು ಈ ನೀರು ಯಾರಿಗೆ ಎಂದು ಕೇಳಿದ. ಮನೆ ಮಗಳು ಬಂದರೆ ಕಾಯಿಸುತ್ತಾರೆ ಎಂದು ಅವಳು ಹೇಳಿದಳು. ಅಷ್ಟು ಹೊತ್ತಾದರೂ ಅವಳು ಆ ಮನೆಯಲ್ಲಿ ಒಂದು ಕಡೆ ಕೂತಿರಲಿಲ್ಲ.

ಊಟ ಮುಗಿದು ನಾನು ಕೈ ತೊಳೆಯಲು ಹಿತ್ತಿಲಿಗೆ ಹೋದೆ. ತಾಯಿ ಮಗಳು ಅಲ್ಲಿದ್ದರು. ಸ್ನಾನಕ್ಕೆ ಹೊತ್ತಿಲ್ಲ ಎಂದು ತಿಳಿದ ಮೇಲೆ ಸಣ್ಣತಾಯಮ್ಮ ತಲೆಗಾದರೂ ಎಣ್ಣೆ ಒತ್ತುತ್ತೇನೆ ಎಂದು ಮಗಳನ್ನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂರಿಸಿದ್ದರು. ನನ್ನನ್ನು ಕಂಡು, ಬನ್ನಿ ಮೇಡಂ, ನೀವೂ ಕೇಳಿ ಅಂದರು. ಆಕೆಯ ಮುಖದಲ್ಲಿ ಬೇಸರದ ಬದಲು ಉತ್ಸಾಹವಿತ್ತು.

ವಿಷಯ ಇಷ್ಟು. ಚಂದನಳ ಅಣ್ಣ ಸ್ವಾಮಿಗೆ ಮದ್ದೂರಿನ ಕಡೆಯ ಒಂದು ಹುಡುಗಿಯ ಜಾತಕ ಕೂಡಿದೆ, ಹುಡುಗಿ ಡಿಗ್ರಿ ಓದಿದ್ದಾಳೆ. ಆಷಾಢ ಕಳೆದು ಶ್ರಾವಣದಲ್ಲಿ ಹೆಣ್ಣು ನೋಡುವುದು, ಮಾಘದಲ್ಲಿ ಮದುವೆ. ಊಟ ಮಾಡುತ್ತ ಶ್ರೀಕರ, ಮನೆ ಚೆನ್ನಾಗಿದೆ, ಇಂಗ್ಲಿಷ್ ಬಲ್ಲ ಹೆಂಗಸು ಇದ್ದರೆ ಮುಂದಿನ ವರ್ಷ ನಿಮಗೂ ಒಂದು ಹುಡುಗಿಯನ್ನು ಕೊಡುತ್ತೇವೆ ಅಂದಿದ್ದ. ಸಣ್ಣತಾಯಮ್ಮ ಅಲ್ಲೇ ಒಪ್ಪಿಬಿಟ್ಟಿದ್ದರು.

"ಬರೋ ಆಸಾಡಕ್ಕೆ ಆ ಸೊಸೆ ಮನೇಲಿ ಇರ್ತಾಳೆ. ನಾನು ಅವ್ಳ ಜೊತೆ ಒಂದೇ ಹೊಸ್ಲು ದಾಟಂಗಿಲ್ವಲ್ಲ, ನಿಮ್ಮತ್ತೆ ಮಾಡ್ದಂಗೆ ನಾನೂ ಮನೆ ಬುಟ್ಟು ಓಯ್ತೀನಿ. ಎಲ್ಲಿಗೆ ಯೋಳು? ನಿನ್ನತ್ರಕ್ಕೇ ಬತ್ತೀನಿ. ಮಗಳ ಮನೇಲಿ ಬಿಟ್ಟಿ ಕುಂತವ್ಳೆ ಅಂತ ಯಾರೂ ಆಡ್ಕಳಂಗಿಲ್ಲ, ಸಾಸ್ತ್ರಕ್ಕೆ ಬಂದಿವ್ನಿ ಅಂತೀನಿ. ಒಂದು ತಿಂಗ್ಳು ಕಣವ್ವ, ಪೂರ್ತಿ ಒಂದು ತಿಂಗ್ಳು."

ಆಕೆಯ ಬೆರಳು ಮಗಳ ಕೂದಲಲ್ಲಿ ಆಡುತ್ತಲೇ ಇತ್ತು. ಮಗಳ ಮುಖ ಆಕೆಗೆ ಕಾಣುತ್ತಿರಲಿಲ್ಲ, ನನಗೆ ಕಾಣುತ್ತಿತ್ತು. ಒಂದು ತಿಂಗಳು ಅಂದಾಗ ಅದು ಅರಳಿತು. ಆಮೇಲೆ, ಆ ಹುಡುಗಿಯ ನೆನಪಾಯಿತೋ ಏನೋ, ಹಾಗೇ ಮುದುಡಿತು. ಮದ್ದೂರಿನ ಕಡೆ ಎಲ್ಲೋ ಒಬ್ಬಳು ಹುಡುಗಿ, ಅವಳಿಗೂ ಒಬ್ಬ ಅವ್ವ, ಅವಳಿಗೂ ಜನ್ಮಕ್ಕೆ ಒಂದೇ ಮೊದಲ ಆಷಾಢ. ನನಗೆ ಸಣ್ಣತಾಯಮ್ಮನ ಮೇಲೆ ಸಿಟ್ಟು ಬಂತು. ಮಗಳ ಜೊತೆ ಇರಲು ಆಕೆಗೆ ಬೇರೆ ದಾರಿ ಬಿಟ್ಟವರಾದರೂ ಯಾರು ಅನ್ನಿಸಿ ಅದೂ ಇಳಿದುಹೋಯಿತು.

ಸಣ್ಣತಾಯಮ್ಮ ಮಾತು ಮುಗಿಸಿರಲಿಲ್ಲ. ಹೆಣ್ಣು ನೋಡಲು ನೀನೂ ಬರಬೇಕು, ಫಾರಿನ್ನೋರ ವಿಷಯ ಹುಡುಗಿಯನ್ನು ನೀನೇ ಕೇಳಬೇಕು, ಅನುಭವ ಇರುವವಳು ನೀನೇ ಅಂದರು. ಚಂದನ ಕಲ್ಲಿನಿಂದ ಎದ್ದು ತುರುಬು ಕಟ್ಟಿಕೊಂಡಳು.

"ಕೇಳ್ತೀನಿ ಕಣವ್ವ."

ಬಸ್ಸಿನ ಹಾರನ್ ಆಯಿತು. ಸಣ್ಣತಾಯಮ್ಮ ಅವಸರದಲ್ಲಿ ಮಗಳ ಮಡಿಲಿಗೆ ಅಕ್ಕಿ, ಬೆಲ್ಲ, ಕೊಬ್ಬರಿ ತುಂಬಿದರು. ಪಕ್ಕದಲ್ಲಿ ನಿಂತ ನೋರಾಳನ್ನು ಬಿಡಲು ಮನಸ್ಸಾಗದೆ ಅವಳ ಮಡಿಲಿಗೂ ಹಾಕಿದರು. ಹಂಡೆಯಡಿಯ ಸೌದೆಯನ್ನು ಎಳೆದು ನೀರು ಚಿಮುಕಿಸಿ ಆರಿಸಿದರು. ಆಮೇಲೆ ಬಸ್ಸು ತಿರುವು ದಾಟುವವರೆಗೂ ಬಾಗಿಲಲ್ಲೇ ನಿಂತಿದ್ದರು.

ಬಸ್ಸಿನಲ್ಲಿ ನೋರಾ ಮಡಿಲಕ್ಕಿಯ ಗಂಟು ಹಿಡಿದುಕೊಂಡು ಚಂದನಳ ಪಕ್ಕ ಕೂತಳು. ಅಕ್ಕನನ್ನು ತವರಿಗೆ ಕರೆತಂದೆ ಎಂಬ ಸಂತೋಷ ಅವಳಿಗೆ. ಆ ಸಂತೋಷದಲ್ಲೇ ನಿದ್ದೆ ಹೋದಳು. ಮಳವಳ್ಳಿ ದಾಟಿದ ಮೇಲೆ ಚಂದನ ನನ್ನ ಕಡೆ ತಿರುಗಿ ಮೆಲ್ಲಗೆ ಮಾತಾಡಿದಳು.

"ಆ ಹುಡುಗೀನ ಕೇಳ್ತೀನಿ ಮೇಡಂ. ಆದ್ರೆ ಎಲ್ರ ಮುಂದೆ ತಟ್ಟೆ ಹಿಡ್ಕಂಡು ನಿಂತಿರೋವಾಗ ಕೇಳಲ್ಲ. ಹಿತ್ಲಿಗೆ ಕರ್ಕಂಡೋಗಿ ಕೇಳ್ತೀನಿ. ಇಲ್ಲ ಅನ್ನಾಕೆ ಆಗೋ ಅಂಗೆ ಕೇಳ್ತೀನಿ."

ಅವಳು ಇಲ್ಲ ಅಂದರೆ ನಿಮ್ಮವ್ವ ನಿನ್ನ ಹತ್ತಿರ ಬರುವುದು ತಪ್ಪುತ್ತದಲ್ಲಮ್ಮ ಎಂದೆ. ಅನ್ನಬಾರದಿತ್ತು, ಅಂದುಬಿಟ್ಟೆ.

"ಗೊತ್ತು ಮೇಡಂ" ಅಂದಳು.

ಎಣ್ಣೆ ಅವಳ ಹಣೆಗೆ ಇಳಿಯುತ್ತಿತ್ತು. ಒಂದು ಕೈ ಮಡಿಲಕ್ಕಿ ಚೆಲ್ಲದಂತೆ ಹಿಡಿದಿತ್ತು, ಇನ್ನೊಂದು ತೋಳಿನ ಮೇಲೆ ನೋರಾ ತಲೆಯಿಟ್ಟು ಮಲಗಿದ್ದಳು. ಹುಡುಗಿಗೆ ಎಚ್ಚರವಾದೀತೆಂದು ಚಂದನ ಚಿಕ್ಕರಸಿನಕೆರೆ ಬರುವವರೆಗೂ ಹಣೆ ಒರೆಸಿಕೊಳ್ಳಲಿಲ್ಲ.