ಸಾಂಬಾರಿನ ಉಪ್ಪು ಮತ್ತು ಮಗಳ ಡಿಗ್ರಿ

ಮೂರು ವರ್ಷದ ಹಿಂದಿನ ಜೂನ್ ತಿಂಗಳು. ನನ್ನ ಮಗಳು ದೀಕ್ಷಾ ಮೂಡುಬಿದಿರೆಯ ಕಾಲೇಜಿನಲ್ಲಿ ಸೈಕಾಲಜಿ ತೆಗೆದುಕೊಂಡು ಬಿ.ಎ. ಮುಗಿಸಿದ್ದಳು. ರಿಸಲ್ಟು ಬಂದ ವಾರದ ಭಾನುವಾರವೇ, ಮಸ್ಕತ್ತಿನಿಂದ ರಜೆಯಲ್ಲಿ ಬಂದಿದ್ದ ನನ್ನ ಹೆಂಡತಿಯ ತಮ್ಮ ರಮೇಶ ನಮ್ಮ ಮನೆಗೆ ಊಟಕ್ಕೆ ಬಂದ. ಕೋಳಿ ಸುಕ್ಕ ಬಡಿಸಿ ಮುಗಿದಿರಲಿಲ್ಲ, ಅವನ ಪ್ರಶ್ನೆ ಬಂತು.

"ಭಾವ, ಈ ಸೈಕಾಲಜಿಗೆ ಎಷ್ಟು ಸಂಬಳ ಸಿಗ್ತದೆ?"

ನಾನು ಮಗಳ ಕಡೆ ನೋಡಿದೆ. ಅವಳು, "ಬರೀ ಬಿ.ಎ.ಗೆ ಅಷ್ಟೇನೂ ಸಿಗುವುದಿಲ್ಲ ಮಾಮ. ಎಂ.ಎಸ್ಸಿ. ಮಾಡಿದರೆ ಕೌನ್ಸೆಲರ್ ಆಗಬಹುದು" ಅಂದಳು. ರಮೇಶ ನಕ್ಕು ಬಿಟ್ಟ. "ಮೂರು ವರ್ಷ ಓದಿದ್ದಕ್ಕೆ ಬೆಲೆ ಬರಬೇಕಾದರೆ ಇನ್ನೂ ಎರಡು ವರ್ಷ ಓದಬೇಕಂತೆ. ಒಳ್ಳೆ ವ್ಯಾಪಾರ."

ನಾನು ಸಿಟ್ಟಿನ ಮನುಷ್ಯ. ನಮ್ಮ ಊರಲ್ಲಿ ಇದನ್ನು ಬೇರೆಯವರು ಹೇಳಬೇಕಾಗಿಲ್ಲ, ನಾನೇ ಒಪ್ಪಿಕೊಳ್ಳುತ್ತೇನೆ. ಮೈದುನನ ಮೇಲೆ ಬಂದ ಸಿಟ್ಟನ್ನು ಮಗಳ ಮೇಲೆ ತೀರಿಸಿದೆ. "ಎಂ.ಎಸ್ಸಿ. ಗಿಮ್ಮೆಸ್ಸಿ ಎಂತದೂ ಬೇಡ. ಬ್ಯಾಂಕ್ ಪರೀಕ್ಷೆಯ ಕೋಚಿಂಗಿಗೆ ಸೇರು" ಎಂದು ತೀರ್ಮಾನ ಕೊಟ್ಟೆ. ಅವಳಿಗೆ ಸೀಟು ಆಗಲೇ ಸಿಕ್ಕಿತ್ತು. ಫೀಸು ಕಟ್ಟಲು ಮೂರು ವಾರ ಸಮಯವಿತ್ತು. ಅವಳು ಅಳಲಿಲ್ಲ, ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಚಾರ್ಮಾಡಿಯಲ್ಲಿ, ಘಾಟಿ ಹತ್ತುವ ಮುಂಚೆ ಬಸ್ಸುಗಳು ಚಾಕ್ಕೆ ನಿಲ್ಲುವ ಕಡೆ ನನ್ನದೊಂದು ಸಣ್ಣ ಹೋಟೆಲು ಉಂಟು. ಅಪ್ಪನ ಕಾಲದ್ದು. ಇಡ್ಲಿ, ಬನ್ಸ್, ಗೋಳಿಬಜೆ, ಮಧ್ಯಾಹ್ನ ಊಟ. ಹೋಟೆಲು ಚೆನ್ನಾಗಿ ನಡೆಯುತ್ತಿತ್ತು. ಆದರೆ ಒಂದೇ ತಲೆನೋವು. ಅಪ್ಪನ ಕಾಲದ ಅಡುಗೆಯ ಕೃಷ್ಣಣ್ಣ ವಯಸ್ಸಾಗಿ ಮನೆಗೆ ಹೋದ ಮೇಲೆ ಒಬ್ಬನೇ ಒಬ್ಬ ಅಡುಗೆಯವನೂ ನಮ್ಮಲ್ಲಿ ನಿಲ್ಲಲಿಲ್ಲ. ಒಂದೂವರೆ ವರ್ಷದಲ್ಲಿ ಮೂವರು ಬಿಟ್ಟು ಹೋಗಿದ್ದರು. ಎಲ್ಲರದ್ದೂ ಒಂದೇ ರೋಗ, ಸಾಂಬಾರಿಗೆ ಉಪ್ಪು ಜಾಸ್ತಿ. ನಾನು ಬೈಯುತ್ತಿದ್ದೆ, ಅವರು ಬಟ್ಟೆ ಕಟ್ಟುತ್ತಿದ್ದರು. ನಾಲ್ಕನೆಯವನು ವಾಸು, ಮೂಡುಬಿದಿರೆ ಹತ್ತಿರದ ಪುತ್ತಿಗೆಯವನು. ಕೈಗುಣ ಒಳ್ಳೆಯದು, ಮಾತು ಕಡಿಮೆ. ಆದರೆ ಅವನಿಗೂ ಅದೇ ರೋಗ ಹಿಡಿದಿತ್ತು. ಒಂದು ದಿನ ಜಾಸ್ತಿ ಅಂತ ಬೈದರೆ, ಇನ್ನೊಂದು ದಿನ ಸಪ್ಪೆ ಮಾಡಿಡುತ್ತಿದ್ದ. ಇವನ ಮನಸ್ಸು ಕೆಲಸದ ಮೇಲೆ ಇಲ್ಲ ಎಂದೇ ನಾನು ತಿಳಿದಿದ್ದೆ.

ಆ ಭಾನುವಾರದ ಮರುದಿನ ದೀಕ್ಷಾ ಹೋಟೆಲಿಗೆ ಬಂದು ನಾನು ದುಡ್ಡು ತೆಗೆದುಕೊಳ್ಳುವ ಗಲ್ಲೆಯ ಹತ್ತಿರ ನಿಂತಳು. "ಪಪ್ಪ, ನಮ್ಮಲ್ಲಿ ಅಡುಗೆಯವರು ಯಾಕೆ ನಿಲ್ಲುವುದಿಲ್ಲ ಅಂತ ನಾನು ಕಂಡುಹಿಡಿದರೆ ಫೀಸು ಕಟ್ತೀರಾ?"

"ಅದರಲ್ಲಿ ಕಂಡುಹಿಡಿಯಲಿಕ್ಕೆ ಎಂತ ಉಂಟು? ಅವರಿಗೆ ಉಪ್ಪಿನ ಅಂದಾಜಿಲ್ಲ, ಅಷ್ಟೇ."

"ಕಟ್ತೀರಾ ಇಲ್ಲವಾ, ಅದು ಹೇಳಿ."

"ಆಯ್ತು, ಕಟ್ತೇನೆ" ಅಂದೆ. ಮೂರು ವಾರ ಹೇಗೋ ಕಳೆಯುತ್ತದೆ ಎಂಬ ಧೈರ್ಯ ನನ್ನದು.

ಅಂದಿನಿಂದ ಅವಳು ಗಲ್ಲೆಯಲ್ಲಿ ಕೂತಳು. ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ ಏನೇನೋ ಗೀಚುತ್ತಿದ್ದಳು. ದಿನಾ ಒಂದು ಚಮಚ ಸಾಂಬಾರು ತರಿಸಿಕೊಂಡು ನೆಕ್ಕಿ ನೋಡುತ್ತಿದ್ದಳು. ನಾನು ತಮಾಷೆ ಮಾಡಿದರೆ, "ನೋಡಿ ಬರೆದುಕೊಳ್ಳುವುದೇ ನಮಗೆ ಕಲಿಸಿದ ಮೊದಲ ಪಾಠ ಪಪ್ಪ, ಆಮೇಲೆ ಮಾತ್ರ ಮಾತಾಡುವುದು" ಎನ್ನುತ್ತಿದ್ದಳು. ಮಾತಾಡದೆ ಇರುವ ಪಾಠಕ್ಕೆ ಯಾರು ಸಂಬಳ ಕೊಡುತ್ತಾರೆ ಎಂದು ನಾನು ಮನಸ್ಸಿನಲ್ಲೇ ನಗಾಡಿದೆ.

ಎರಡು ವಾರ ಆಗುತ್ತ ಬಂತು. ಒಂದು ಶುಕ್ರವಾರ ಬೆಳಿಗ್ಗೆ, ಘಾಟಿಗೆ ಹೊರಟ ಎರಡು ಬಸ್ಸು ಒಟ್ಟಿಗೆ ಬಂದು ನಿಂತವು. ಹೋಟೆಲು ತುಂಬಿತು. ಇಡ್ಲಿ ತಿನ್ನುತ್ತಿದ್ದ ಒಬ್ಬರು, "ಎಂತ ಸಾಂಬಾರು ಮಾರಾಯ್ರೆ ಇದು, ಬಾಯಿಗೆ ಇಡಲಿಕ್ಕಾಗುವುದಿಲ್ಲ" ಅಂದರು. ನನ್ನ ಪಿತ್ತ ನೆತ್ತಿಗೇರಿತು. ವಾಸುವನ್ನು ಹೊರಗೆ ಕರೆದು ಮೂವತ್ತು ಜನರ ಎದುರು ಕೇಳಿದೆ, "ಮಲ್ಪೆಯಿಂದ ಸಮುದ್ರದ ನೀರು ತರಿಸಿ ಕುದಿಸಿದ್ದಾ ನೀನು?" ಜನ ನಕ್ಕರು. ವಾಸು ನಗಲಿಲ್ಲ. ಕೈ ಒರೆಸಲು ಹೆಗಲ ಮೇಲೆ ಹಾಕಿದ್ದ ಬೈರಾಸು ಮಡಚಿ ಮೇಜಿನ ಮೇಲಿಟ್ಟ. "ನನ್ನಿಂದ ಆಗುವುದಿಲ್ಲ ಧಣಿ" ಎಂದು ಹೇಳಿ, ಚೀಲ ತೆಗೆದುಕೊಂಡು ಬೆಳ್ತಂಗಡಿ ಕಡೆಯ ಬಸ್ಸು ಹತ್ತಿದ.

ಜನ ಖಾಲಿಯಾದ ಮೇಲೆ ದೀಕ್ಷಾ ನನ್ನನ್ನು ಅಡುಗೆಕೋಣೆಗೆ ಕರೆದು ನೋಟ್‌ಬುಕ್ಕು ಬಿಡಿಸಿದಳು. ದಿನ, ಉಪ್ಪು, ಮುಂದೆ ನಾನು ಬಂದ ಹೊತ್ತು. ಎರಡು ಸೋಮವಾರ ಮಾತ್ರ ಉಪ್ಪು ಕಡಿಮೆ. ಸೋಮವಾರ ನಾನು ತರಕಾರಿಗೆಂದು ಬೆಳ್ತಂಗಡಿ ಸಂತೆಗೆ ಹೋಗುತ್ತೇನೆ, ಹೋಟೆಲು ತೆರೆಯುವುದು ನನ್ನ ಹೆಂಡತಿ, ನಾನು ಬರುವಾಗ ಒಂಬತ್ತು ಗಂಟೆ. ಉಳಿದ ದಿನ ಎಲ್ಲ ಜಾಸ್ತಿ.

"ಇದರಿಂದ ಎಂತ ಗೊತ್ತಾಗ್ತದೆ?" ಅಂದೆ.

"ಬೆಳಿಗ್ಗೆ ದೇವರಿಗೆ ದೀಪ ಹಚ್ಚಿದ ಮೇಲೆ ನೀವು ಎಂತ ಮಾಡ್ತೀರಿ ಪಪ್ಪ?"

"ಎಂತ ಮಾಡುವುದು? ಕೈಮುಗಿದು, ಸಾಂಬಾರಿಗೆ ಒಂದು ಮುಷ್ಟಿ ಉಪ್ಪು ಹಾಕಿ, ಶಟರ್ ಎತ್ತುವುದು."

ಹೇಳಿದ್ದು ನಾನೇ. ನನ್ನ ಕಿವಿಗೆ ಬಿದ್ದದ್ದು ಆಮೇಲೆ.

ಅದು ಅಪ್ಪ ಮಾಡಿಟ್ಟ ಕ್ರಮ. ಹೋಟೆಲಿನ ಯಜಮಾನ ದೇವರನ್ನು ನೆನೆದು ಸಾಂಬಾರಿಗೆ ಒಂದು ಮುಷ್ಟಿ ಉಪ್ಪು ಹಾಕಿದ ಮೇಲೆಯೇ ಬಾಗಿಲು ತೆರೆಯುವುದು, ಸಂತೆಯ ಸೋಮವಾರ ಒಂದನ್ನು ಬಿಟ್ಟು. ಕೃಷ್ಣಣ್ಣನಿಗೆ ಅದು ಗೊತ್ತಿತ್ತು, ಅಷ್ಟು ಉಪ್ಪು ಹಿಡಿದೇ ಅಡುಗೆ ಮಾಡುತ್ತಿದ್ದರು. ಹೊಸಬರಿಗೆ ನಾನು ಹೇಳಿರಲೇ ಇಲ್ಲ. ಹೇಳಬೇಕು ಎಂದು ಹೊಳೆದಿರಲೂ ಇಲ್ಲ. ಅದು ನನಗೆ ಚಪ್ಪಲಿ ಬಿಚ್ಚಿ ಒಳಗೆ ಬಂದಷ್ಟೇ ಸಹಜ. ಅಡುಗೆಯವರು ಆ ಹೊತ್ತಿಗೆ ಹಿತ್ತಿಲಲ್ಲಿ ಅಕ್ಕಿ ತೊಳೆಯುತ್ತಿದ್ದುದರಿಂದ ಅವರೂ ನೋಡಿರಲಿಲ್ಲ.

"ಅದು ದೇವರ ಉಪ್ಪು" ಎಂದು ಒಂದು ಸಲ ಗುಡುಗಿ ನೋಡಿದೆ. ಅಲ್ಲೇ ಪಾತ್ರೆ ಎತ್ತಿಡುತ್ತಿದ್ದ ನನ್ನ ಹೆಂಡತಿ ಸುಜಾತ ಗೋಡೆ ಹಿಡಿದುಕೊಂಡು ನಗುತ್ತಿದ್ದಳು.

"ವಾಸು ಹೋಗುವ ಮುಂಚೆ ಹೇಳಬಾರದಿತ್ತಾ ನಿನಗೆ?"

"ಉಪ್ಪು ಹಾಕುವ ನಿಮ್ಮ ಕೈ ನನಗೆ ಕಂಡದ್ದೇ ಇವತ್ತು. ಮಧ್ಯಾಹ್ನ ಹೇಳುವ ಅಂತ ಇದ್ದೆ. ಮೂವತ್ತು ಜನರ ಎದುರು ಹೇಳಿದ್ದರೆ ನೀವು ಕೇಳ್ತಿದ್ರಾ?"

ಖಂಡಿತ ಕೇಳುತ್ತಿರಲಿಲ್ಲ. ಅಲ್ಲೇ ಅವಳನ್ನೂ ಬೈಯುತ್ತಿದ್ದೆ.

ಆ ಮಧ್ಯಾಹ್ನ ಹೋಟೆಲಿಗೆ ಬಾಗಿಲು ಹಾಕಿ ನಾವಿಬ್ಬರೂ ಪುತ್ತಿಗೆಗೆ ಹೋದೆವು. ವಾಸು ಜಗಲಿಯಲ್ಲಿ ಕೂತು ಹಲಸಿನ ಹಣ್ಣು ಬಿಡಿಸುತ್ತಿದ್ದ. ಪಾಣೆಮಂಗಳೂರಿನ ಒಂದು ಹೋಟೆಲಿನಿಂದ ಅವನಿಗೆ ಆಗಲೇ ಫೋನು ಬಂದಿತ್ತು, ಸಂಬಳವೂ ನನ್ನದಕ್ಕಿಂತ ಹೆಚ್ಚು. ಅವನ ಹೆಂಡತಿ ನನಗೆ ಬೆಲ್ಲ ನೀರು ಕೊಟ್ಟರು, ಮುಖ ಮಾತ್ರ ಕೊಡಲಿಲ್ಲ.

ಐವತ್ತನಾಲ್ಕು ವರ್ಷದಲ್ಲಿ ನಾನು ಕೆಲಸದವರ ಹತ್ತಿರ ತಪ್ಪಾಯಿತು ಎಂದದ್ದಿಲ್ಲ. ಕೊನೆಗೆ ಬಾಯಿಗೆ ಬಂದದ್ದು ಇಷ್ಟೇ: "ವಾಸು, ಉಪ್ಪು ಹಾಕಿದ್ದು ನಾನು."

ಅವನಿಗೆ ಅರ್ಥವಾಗಲಿಲ್ಲ. ದೀಕ್ಷಾ ನೋಟ್‌ಬುಕ್ಕು ಕೊಟ್ಟು ಎಲ್ಲ ವಿವರಿಸಿದಳು. ವಾಸು ಹಲಸಿನ ಅಂಟಿನ ಕೈಯಲ್ಲೇ ಸೋಮವಾರದ ಸಾಲಿನ ಮೇಲೆ ಬೆರಳಿಟ್ಟು ಓದಿದ. ಮತ್ತೆ ಓದಿದ. ಆಮೇಲೆ ನಗಲು ಸುರು ಮಾಡಿದವನು ಕಣ್ಣಲ್ಲಿ ನೀರು ಬಂದರೂ ನಿಲ್ಲಿಸಲಿಲ್ಲ.

"ನನ್ನ ನಾಲಗೆಯೇ ಸತ್ತು ಹೋಯ್ತು ಅಂತ ಗ್ರಹಿಸಿದ್ದೆ ಧಣಿ. ಡಾಕ್ಟ್ರ ಹತ್ತಿರ ಹೋಗಿ ತೋರಿಸಿ ಬಂದೆ. ರುಚಿ ಗೊತ್ತಾಗದವನು ಇನ್ನು ಎಂತ ಅಡುಗೆ ಮಾಡುವುದು ಅಂತ ಇವಳ ಹತ್ತಿರ ಹೇಳಿ ಅತ್ತಿದ್ದೆ."

ನನಗೆ ತಲೆ ಎತ್ತಲು ಆಗಲಿಲ್ಲ. ಆಗ ಬಂತು ನೋಡಿ ಬಾಯಿಗೆ, "ತಪ್ಪಾಯಿತು ವಾಸು." ಅವನು ಪಾಣೆಮಂಗಳೂರಿನ ಸಂಬಳದ ಮಾತೆತ್ತಲಿಲ್ಲ. ಒಂದೇ ಷರತ್ತು ಹಾಕಿದ: "ಬೈಯುವುದಿದ್ದರೆ ಒಳಗೆ ಬಂದು ಬೈಯಿರಿ." ಅಷ್ಟರಲ್ಲಿ ಅವನ ಹೆಂಡತಿ ಒಂದು ತಟ್ಟೆ ಹಲಸಿನ ಸೊಳೆ ತಂದು ಮೊದಲು ದೀಕ್ಷಾಳ ಎದುರು ಇಟ್ಟರು. ಮಗಳು ಸಂಪಾದಿಸಿದ ಮೊದಲ ಫೀಸು ಅದು. ನಾನೂ ನಾಲ್ಕು ಸೊಳೆ ತಿಂದೆ.

ಸೋಮವಾರ ನಾನು ಸಂತೆಗೆ ಹೋಗಲಿಲ್ಲ, ಬ್ಯಾಂಕಿಗೆ ಹೋಗಿ ಮಗಳ ಫೀಸು ಕಟ್ಟಿದೆ. ಮಸ್ಕತ್ತಿಗೆ ವಾಪಸಾದ ರಮೇಶ ಫೋನಿನಲ್ಲಿ ಮತ್ತೆ ಸಂಬಳದ ಸುದ್ದಿ ಎತ್ತಿದ. "ಅವಳಿಗೆ ಮುಂದೆ ಎಷ್ಟು ಸಿಗ್ತದೆ ಅಂತ ನನಗೆ ಗೊತ್ತಿಲ್ಲ ಮಾರಾಯ. ಆದರೆ ಆ ಬಿ.ಎ. ನಮ್ಮ ಮನೆಗೆ ಮೊದಲೇ ಬಂದಿದ್ದರೆ ನನಗೆ ಎಷ್ಟು ಉಳಿಯುತ್ತಿತ್ತು ಅಂತ ಕೇಳು, ಅದು ಹೇಳ್ತೇನೆ" ಅಂದೆ.

ಈಗ ಬೆಳಿಗ್ಗೆ ದೀಪ ಹಚ್ಚಿದ ಕೂಡಲೇ ವಾಸುವೇ ಉಪ್ಪಿನ ಭರಣಿ ಹಿಡಿದು ನಿಲ್ಲುತ್ತಾನೆ. "ಬನ್ನಿ ಧಣಿ, ನಿಮ್ಮ ಮುಷ್ಟಿಗೆ ಜಾಗ ಇಟ್ಟಿದ್ದೇನೆ." ದೀಕ್ಷಾ ಓದು ಮುಗಿಸಿ ಈಗ ಬಂಟ್ವಾಳದ ಒಂದು ಶಾಲೆಯಲ್ಲಿ ಮಕ್ಕಳ ಕೌನ್ಸೆಲರ್. ನನ್ನ ಸಿಟ್ಟು ಪೂರ್ತಿ ಹೋಗಿಲ್ಲ, ಆದರೆ ಅಡುಗೆಕೋಣೆಯ ಹೊಸ್ತಿಲು ದಾಟುವಷ್ಟರಲ್ಲಿ ಅರ್ಧ ಇಳಿದಿರುತ್ತದೆ.

ಮೊದಲು ಬಿಟ್ಟು ಹೋದ ಮೂವರನ್ನೂ ನಾನು ಹುಡುಕಿದೆ. ಇಬ್ಬರು ಸಿಕ್ಕಿದರು. ಒಬ್ಬ ಫೋನಿನಲ್ಲೇ ನನಗೆ ಚೆನ್ನಾಗಿ ಬೈದ, ನಾನು ಕೇಳಿಸಿಕೊಂಡೆ. ಇನ್ನೊಬ್ಬ ಕೊನೆಯವರೆಗೂ ಕೇಳಿ, "ಹೇಳಿದ್ರಲ್ಲ, ಸಾಕು" ಅಂದ. ಮೂರನೆಯವನು ಮಾಧವ. ಅವನ ನಂಬರು ಯಾರ ಹತ್ತಿರವೂ ಇಲ್ಲ, ಅಡುಗೆ ಕೆಲಸವನ್ನೇ ಬಿಟ್ಟಿದ್ದಾನೆ ಎಂದು ಕೇಳಿದ್ದೇನೆ. ಪತ್ರಿಕೆ ಓದುವ ಅಭ್ಯಾಸ ಅವನಿಗಿತ್ತು. ಅದಕ್ಕೇ ಇದನ್ನು ಬರೆದೆ. ಮಾಧವ, ನಿನ್ನ ಕೈಯಲ್ಲಿ ಏನೂ ದೋಷವಿರಲಿಲ್ಲ. ಆ ಉಪ್ಪು ನನ್ನದು.