ಅಜ್ಜಿಯನ್ನು ಬಿಟ್ಟು ಓಡಿದ ಡ್ರಿಲ್

ಆಗೆಲ್ಲ ಗಲ್ಫಿನ ಸೀಬ್‌ನಲ್ಲಿ ಮೋಡ ಕಂಡರೆ ಮಕ್ಕಳು ಕುಣಿಯುತ್ತಿದ್ದೆವು, ದೊಡ್ಡವರು ಕಾರುಗಳನ್ನು ಎತ್ತರಕ್ಕೆ ಒಯ್ಯುತ್ತಿದ್ದರು. ಎಂಬತ್ತರ ದಶಕ. ಮಂಗಳೂರಿನ ಕಾನ್ವೆಂಟ್ ಬಿಡಿಸಿ ನನ್ನನ್ನು ಇಲ್ಲಿಗೆ ಕರೆತಂದ ಹೊಸತು. ಅಪ್ಪನ ಕಂಪನಿಯ ಕ್ವಾರ್ಟರ್ಸ್ ವಾದಿಯ ಪಕ್ಕದಲ್ಲಿತ್ತು. ವಾದಿಯೆಂದರೆ ವರ್ಷವಿಡೀ ಒಣಕಲ್ಲಿನ ಹಾಸು, ನಮ್ಮ ಕ್ರಿಕೆಟ್ ಗ್ರೌಂಡ್. ದೂರದ ಬೆಟ್ಟದಲ್ಲಿ ಮಳೆ ಬಿದ್ದರೆ ಹುಚ್ಚುಹೊಳೆ. ಹಾಗಾಗಿ ಆ ಚಳಿಗಾಲ ಪ್ರತಿ ಶುಕ್ರವಾರ ಡ್ರಿಲ್. ಸೈರನ್ ಕೂಗಿದೊಡನೆ ನೀರಿನ ಟ್ಯಾಂಕಿನ ದಿಣ್ಣೆಗೆ ಓಡಬೇಕು. ಮೊದಲು ತಲುಪಿದ ಬ್ಲಾಕಿಗೆ ಟ್ಯಾಂಗ್ ಶರಬತ್ತು ಪುಡಿಯ ಡಬ್ಬಿ ಪ್ರೈಜ್!

ಆ ಪ್ರೈಜಿಗೆ ಬೆಂಕಿ ಬೀಳಲಿ.

ಮೊದಲ ಡ್ರಿಲ್ಲಿಗೆ ಅಜ್ಜಿಯೂ ಹೊರಟಿದ್ದರು. ಮಂಡಿನೋವು, ಹೆಜ್ಜೆಗೊಮ್ಮೆ ನಿಂತು ನಿಂತು ಬಂದರು. ನಮ್ಮ ಬ್ಲಾಕ್ ಲಾಸ್ಟ್. ನಮ್ಮ ಬ್ಲಾಕ್ ಲೀಡರ್ ಪಿಂಟೋ ಅಂಕಲ್ ಸ್ಟಾಪ್‌ವಾಚ್ ನೋಡಿ ಹಲ್ಲು ಕಡಿದರು.

"ಅಮ್ಮಾ, ನೀವು ಇನ್ನು ಮನೇಲೇ ಕೂತ್ಕೊಳ್ಳಿ. ಇದು ಬರೀ ಡ್ರಿಲ್ ಅಲ್ವಾ?"

"ಕೂತ್ಕೊಳ್ತೇನಪ್ಪ. ಓಡ್ಲಿಕ್ಕೆ ನಾನೆಂತ ಕಂಬಳದ ಕೋಣವಾ?" ಎಂದರು ಅಜ್ಜಿ.

ಎಲ್ಲರೂ ನಕ್ಕರು. ಅಪ್ಪ ಕೂಡ. ದೊಡ್ಡವರಿಗೆ ಎದುರುತ್ತರ ಕೊಡಬಾರದೆಂದು ಸಿಸ್ಟರುಗಳು ಕಲಿಸಿದ್ದ ಮ್ಯಾನರ್ಸ್ ನೆನೆದು ನಾನು ಸುಮ್ಮನಿದ್ದೆ. ಮುಂದಿನ ವಾರದಿಂದ ನಾವೇ ಫಸ್ಟ್. ಗೆದ್ದ ಟ್ಯಾಂಗನ್ನು ಚಿಟಿಕೆ ಉಪ್ಪು ಹಾಕಿ ಕಲಸಿಕೊಡುತ್ತಿದ್ದವರು ಅದೇ ಅಜ್ಜಿ. ನಮ್ಮ ನಾಲಿಗೆಗಳೆಲ್ಲ ಕಿತ್ತಳೆ.

ಒಂದು ಮಧ್ಯಾಹ್ನ, ಹುರುಳಿ ಸಾರಿನ ಒಗ್ಗರಣೆ ಘಮ್ಮೆನ್ನುತ್ತಿದ್ದಾಗ, ಕಿಟಕಿಯಿಂದ ಹಸಿಮಣ್ಣಿನ ವಾಸನೆ ನುಗ್ಗಿತು. ಸೈರನ್! ಶುಕ್ರವಾರವಲ್ಲ. ಆದರೂ ಕಾಲುಗಳಿಗೆ ದಾರಿ ಕಂಠಪಾಠವಾಗಿತ್ತು. ಅಮ್ಮ ಗ್ಯಾಸ್ ಆರಿಸಿದಳು, ಅಪ್ಪ ತಮ್ಮನನ್ನು ಎತ್ತಿಕೊಂಡರು, ಓಡಿದೆವು. ಕಲಿತದ್ದನ್ನು ಚಾಚೂ ತಪ್ಪದೆ ಮಾಡಿದೆವು.

ದಿಣ್ಣೆಯ ಮೇಲೆ ಪಿಂಟೋ ಅಂಕಲ್ ತಲೆ ಎಣಿಸಿದರು. "ಆಲ್ ಪ್ರೆಸೆಂಟ್!"

"ಅಜ್ಜಿ?" ಎಂದೆ.

ಅಮ್ಮನ ಮುಖ ನೋಡಬೇಕಿತ್ತು. ಕೆಳಗೆ ಕಂದು ನೀರು ಗೇಟು ಮುರಿದು ಅಂಗಳಕ್ಕೆ ಹೊಕ್ಕಾಗಿತ್ತು. ಇಳಿಯಲು ಹೋದ ಅಪ್ಪನನ್ನು ನಾಲ್ಕು ಜನ ಹಿಡಿದುಕೊಂಡರು. ನೀರು ಇಳಿಯುವವರೆಗೆ ಅಮ್ಮ ಒಂದೇ ಸಮನೆ, "ಅತ್ತೇ, ಅತ್ತೇ" ಎನ್ನುತ್ತಿದ್ದಳು.

ಅಜ್ಜಿ ಡೈನಿಂಗ್ ಟೇಬಲ್ ಮೇಲೆ ಕೂತಿದ್ದರು. ಸೊಂಟದವರೆಗೆ ಒದ್ದೆ, ಮಡಿಲಲ್ಲಿ ನನ್ನ ಸ್ಕೂಲ್‌ಬ್ಯಾಗ್.

"ಎಂತ, ನಿಮ್ಮ ಡ್ರಿಲ್ ಮುಗೀತಾ?"

ಈ ಸಲ ಯಾರೂ ನಗಲಿಲ್ಲ. ಸಂಜೆ ಪಿಂಟೋ ಅಂಕಲ್ ಡಬ್ಬಿ ಹಿಡಿದು ಬಂದರು: "ಹೇಗೂ ನಮ್ಮ ಬ್ಲಾಕೇ ಫಸ್ಟ್, ಮಾರಾಯ್ರೆ." ಅಪ್ಪ ಅದನ್ನು ತಗೊಂಡರು! ಇಂದಿಗೂ ನೆನೆದರೆ ಮೈ ಉರಿಯುತ್ತದೆ. ಪಿಂಟೋ ಅಂಕಲ್ ಮೇಲಿನದಕ್ಕಿಂತ ಹೆಚ್ಚಾಗಿ, ಕೈ ಚಾಚಿದ ಅಪ್ಪನ ಮೇಲೆ.

ಅಜ್ಜಿ ಉಡುಪಿಗೆ ಹೋದವರು ಎಷ್ಟು ಕರೆದರೂ ಮತ್ತೆ ಬರಲಿಲ್ಲ. ಉಪ್ಪು ಹಾಕಿದ ಟ್ಯಾಂಗ್ ಅಲ್ಲಿಗೇ ಮುಗಿಯಿತು. ನಾನು ಕಲಸಿದರೆ ಆ ರುಚಿ ಬರುವುದಿಲ್ಲ. ಹಾಗೆ ತಮಾಷೆ ಮಾಡಿ ನಮ್ಮನ್ನು ನಾಚಿಕೆಯಿಂದ ಪಾರುಮಾಡುವವರೂ ಈಗ ಯಾರೂ ಇಲ್ಲ.

ಮೊನ್ನೆ ಸೀಬ್ ಪಕ್ಕದ ಬೌಷರ್‌ನ ನಮ್ಮ ಫ್ಲ್ಯಾಟಿನಲ್ಲಿ ಫೈರ್ ಡ್ರಿಲ್. ಈಗ ಮಂಡಿನೋವು ನನ್ನದು. ಮಗ ಅಂದ, "ಮಮ್ಮಿ, ಯು ಜಸ್ಟ್ ಸಿಟ್. ಇಟ್ಸ್ ಓನ್ಲಿ ಎ ಡ್ರಿಲ್."

ಚಪ್ಪಲಿ ಮೆಟ್ಟಿದೆ. ಮೆಟ್ಟಿಲ ನಡುವಿನಲ್ಲಿ, ಹೆಜ್ಜೆಗೊಮ್ಮೆ ನಿಂತು ನಿಂತು ಇಳಿದೆ. ಹಿಂದಿನಿಂದ ಯಾರೋ, "ಎಕ್ಸ್‌ಕ್ಯೂಸ್ ಮಿ, ಆಂಟಿ" ಎಂದರು.

ಕಾನ್ವೆಂಟಿನ ಮ್ಯಾನರ್ಸ್ ಅತ್ತ ಇರಲಿ, ನಾನು ಸರಿಯಲಿಲ್ಲ.