‘ನೋವಿಲ್ಲ’ ಎಂದು ಬರೆದ ಕಾಲು

ಸೌದಿಯ ಅಲ್ ಅಹ್ಸಾದ ಒಂದು ಆಸ್ಪತ್ರೆಯಲ್ಲಿ ನಾನು ನರ್ಸ್ ಆಗಿದ್ದೆ. ತೊಂಬತ್ತರ ದಶಕದ ಬಹುಪಾಲು ಅಲ್ಲೇ ಕಳೆಯಿತು. ಒಳ್ಳೆಯ ದಿನಗಳೂ ಇದ್ದವು, ಸುಳ್ಳು ಹೇಳುವುದಿಲ್ಲ. ಆದರೆ ಒಬ್ಬ ರೋಗಿಯ ವಿಷಯದಲ್ಲಿ ಅಲ್ಲಿ ನಡೆದದ್ದು ನೆನಪಾದರೆ ಈಗಲೂ ಮೈ ಉರಿಯುತ್ತದೆ. ಆ ಸಿಟ್ಟು ಅರ್ಧ ಆಸ್ಪತ್ರೆಯ ಮೇಲೆ, ಅರ್ಧ ನನ್ನ ಮೇಲೆ.

ಶುರುವಾದದ್ದು ಒಂದು ಸುತ್ತೋಲೆಯಿಂದ. ಸಿಬ್ಬಂದಿ ಕೆಲಸದ ಹೊತ್ತಿನಲ್ಲಿ ಇಂಗ್ಲಿಷ್ ಅಥವಾ ಅರಬ್ಬಿ ಮಾತ್ರ ಮಾತನಾಡಬೇಕು. ತಪ್ಪಿದರೆ ಎಚ್ಚರಿಕೆಯ ಪತ್ರ, ಮೂರು ಪತ್ರವಾದರೆ ಊರಿಗೆ ವಾಪಸ್. ನರ್ಸುಗಳು ತಮ್ಮತಮ್ಮ ಭಾಷೆಯಲ್ಲಿ ಹರಟೆ ಹೊಡೆಯುತ್ತಾರೆಂದು ಯಾರೋ ದೂರು ಕೊಟ್ಟಿದ್ದರಂತೆ. ಹರಟೆಗೆ ಹಾಕಿದ ಬೀಗ ರೋಗಿಯ ಬಾಯಿಗೂ ಬಿತ್ತು.

ಮೊದಲ ಪತ್ರ ಬಂದದ್ದೇ ನನಗೆ. ಸಕ್ಕರೆ ಕಾಯಿಲೆಯ ವಿಭಾಗಕ್ಕೆ ಖರ್ಜೂರದ ತೋಟದ ಕೆಲಸಗಾರರೊಬ್ಬರು ಬರುತ್ತಿದ್ದರು. ಮಂಗಳೂರಿನ ಕಡೆಯ ಬ್ಯಾರಿ ಮುಸ್ಲಿಂ, ಐವತ್ತು ದಾಟಿದವರು. ಮನೆಮಾತು ಬ್ಯಾರಿ, ಪೇಟೆಯ ಮಾತು ತುಳು. ಹಿಂದಿ ಅವರಿಗೆ ಅಷ್ಟಕ್ಕಷ್ಟೆ, ಅರಬ್ಬಿ ತೋಟದ ಕೆಲಸಕ್ಕೆ ಬೇಕಾದಷ್ಟು. ನಾನು ಉಡುಪಿಯ ಕಡೆಯ ಕೊಂಕಣಿ ಕ್ರಿಶ್ಚಿಯನ್. ತುಳು ನನಗೂ ನೀರು ಕುಡಿದಷ್ಟು ಸಲೀಸು. ಇಂಜೆಕ್ಷನ್ ಕೊಡುವ ಮೊದಲು ಏನಾದರೂ ತಿಂದಿದ್ದೀರಾ ಎಂದು ಅವರನ್ನು ತುಳುವಿನಲ್ಲಿ ಕೇಳಿದೆ. ಅದೇ ಹೊತ್ತಿಗೆ ನರ್ಸಿಂಗ್ ಸೂಪರಿಂಟೆಂಡೆಂಟ್ ಬಾಗಿಲಲ್ಲಿ ನಿಂತಿದ್ದರು. ಮಧ್ಯಾಹ್ನದೊಳಗೆ ಪತ್ರ ನನ್ನ ಕೈಗೆ ಬಂತು. ಸಹಿ ಹಾಕಿದೆ. ಒಂದು ಮಾತೂ ಎದುರಾಡಲಿಲ್ಲ.

ಎದುರಾಡದಿರುವುದು ನನಗೆ ಚಿಕ್ಕಂದಿನಿಂದಲೇ ಅಭ್ಯಾಸವಾಗಿತ್ತು. ನಾನು ಕಲಿತ ಶಾಲೆಯಲ್ಲಿ ಕೊಂಕಣಿ, ತುಳು ಮಾತಾಡಿದವರ ಹೆಸರು ಬರೆದು ಟೀಚರಿಗೆ ಕೊಡಬೇಕಿತ್ತು. ಬರೆಯುತ್ತಿದ್ದವಳು ನಾನೇ, ಕ್ಲಾಸ್ ಲೀಡರ್. ಸ್ವಂತ ತಂಗಿಯ ಹೆಸರನ್ನೂ ಒಮ್ಮೆ ಬರೆದಿದ್ದೇನೆ.

ನಮ್ಮ ವಿಭಾಗದಲ್ಲಿ ಅಮೆರಿಕದಿಂದ ಬಂದ ಹಿರಿಯ ನರ್ಸ್ ಒಬ್ಬರಿದ್ದರು. ಸಕ್ಕರೆ ಕಾಯಿಲೆಯವರಿಗೆ ಊಟ, ಔಷಧಿ, ಕಾಲಿನ ಆರೈಕೆ ಕಲಿಸುವುದು ಅವರ ಕೆಲಸ. ಕಪ್ಪು ಕೂದಲು, ಗೋಧಿ ಬಣ್ಣ, ಅಗಲ ಮುಖ. ಮೊದಲ ದಿನ ಫಿಲಿಪ್ಪೀನ್ಸಿನ ಹುಡುಗಿಯರು ತಮ್ಮವರೆಂದೇ ತಿಳಿದು ಮಾತಾಡಿಸಿದ್ದರು. ನಾನು ಇಂಡಿಯನ್ ಎಂದಾಗ ಅವರು ತಾನೂ ಇಂಡಿಯನ್ ಎಂದರು. ಬಿಳಿಯರು ದಾರಿ ತಪ್ಪಿ ಬಂದು ಇಟ್ಟ ಹೆಸರು, ನಿಜವಾಗಿ ನಾವು ಚಾಕ್ಟಾ ಜನ ಎಂದು ನಕ್ಕರು. ಅಮೆರಿಕದ ಮೂಲನಿವಾಸಿಗಳನ್ನು ಇಂಗ್ಲಿಷ್ ಸಿನಿಮಾದಲ್ಲಿ ಕುದುರೆಯ ಮೇಲೆ ನೋಡಿದ್ದೆನೇ ಹೊರತು, ಸ್ಟೆತಸ್ಕೋಪ್ ಹಾಕಿಕೊಂಡು ಪಕ್ಕದಲ್ಲಿ ಕೂತು ಖಬ್ಬೂಸ್ ರೊಟ್ಟಿ ತಿನ್ನುವುದನ್ನು ಊಹಿಸಿಯೂ ಇರಲಿಲ್ಲ.

ಊಟದ ಹೊತ್ತಿಗೆ ಅವರು ತಮ್ಮೂರಿನ ಸುದ್ದಿ ಹೇಳುತ್ತಿದ್ದರು. ಅವರ ಅಜ್ಜಿಗೆ ಇಂಗ್ಲಿಷ್ ಬರುತ್ತಿರಲಿಲ್ಲವಂತೆ. ಒಂಬತ್ತು ವರ್ಷದ ಇವರೇ ಅಜ್ಜಿಯ ಜೊತೆ ಪೇಟೆಯ ಆಸ್ಪತ್ರೆಗೆ ಹೋಗಿ ಡಾಕ್ಟರಿಗೆ ಹೇಳಬೇಕು. ಅಜ್ಜಿಗೆ ಎಲ್ಲಿಂದ ರಕ್ತ ಹೋಗುತ್ತಿದೆ ಎಂದು ಹೇಳಲು ಈ ಹುಡುಗಿಗೆ ನಾಚಿಕೆಯಾಗಿ, ಹೊಟ್ಟೆನೋವು ಎಂದುಬಿಟ್ಟರಂತೆ. ಅಜ್ಜಿ ಹೆಚ್ಚು ದಿನ ಉಳಿಯಲಿಲ್ಲ. ಈಗ ತಮ್ಮ ಬುಡಕಟ್ಟಿಗೇ ಸ್ವಂತ ಆಸ್ಪತ್ರೆ ಇದೆ, ಚಾಕ್ಟಾ ಮಾತಾಡುವ ಆರೋಗ್ಯ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಸಕ್ಕರೆ ನೋಡುತ್ತಾರೆ, ಮುದುಕರ ಕಾಲು ತೊಳೆದು ಪರೀಕ್ಷೆ ಮಾಡುತ್ತಾರೆ ಎಂದು ಹೇಳುವಾಗ ಅವರ ಮುಖ ಬೆಳಗುತ್ತಿತ್ತು. ಮರುಕ್ಷಣವೇ, ಆ ಮನೆಗಳಲ್ಲಿ ಮಕ್ಕಳು ಇಂಗ್ಲಿಷಿನಲ್ಲಿ ಉತ್ತರ ಕೊಡಲು ಶುರುಮಾಡಿದ್ದಾರೆ ಎಂದು ಊಟದ ಡಬ್ಬಿ ಮುಚ್ಚುತ್ತಿದ್ದರು.

ಒಮ್ಮೆ ಅವರ ಭಾಷೆಯ ಒಂದೆರಡು ಪದ ಕೇಳಿದೆ. ಸಾಯುವುದಕ್ಕೆ ಏನನ್ನುತ್ತೀರಿ ಎಂದಾಗ ‘ಇಲ್ಲಿ’ ಎಂದರು. ಕಾಲು ಜೋಮು ಹಿಡಿದು ಸ್ಪರ್ಶ ಹೋದರೂ ಮುದುಕರು ಅದೇ ಪದ ಹೇಳುತ್ತಾರಂತೆ. ಕನ್ನಡದಲ್ಲಿ ‘ಇಲ್ಲಿ’ ಎಂದರೆ ಈ ಜಾಗ ಎಂದೆ. ಇಬ್ಬರೂ ನಕ್ಕೆವು.

ಪತ್ರ ಬಂದ ಮರುವಾರ ತೋಟದ ಆ ಬ್ಯಾರಿ ಕಾಕ ಮತ್ತೆ ಬಂದರು. ಚಾಕ್ಟಾ ಸಿಸ್ಟರ್ ಆಗ ರಜೆಯಲ್ಲಿ ಊರಿಗೆ ಹೋಗಿದ್ದರು. ಡಾಕ್ಟರಿಗೆ ಅರಬ್ಬಿ, ಇಂಗ್ಲಿಷ್ ಬಿಟ್ಟರೆ ಬೇರೆ ಬಾರದು. ನೋಂದಣಿ ಕೌಂಟರಿನಿಂದ ಉರ್ದು ಬಲ್ಲ ಗುಮಾಸ್ತನನ್ನು ಕರೆಸಿದರು. ನಾನು ಟ್ರೇ ಹಿಡಿದು ಒಂದು ಮಾರು ದೂರದಲ್ಲಿ ನಿಂತಿದ್ದೆ. ಸೂಪರಿಂಟೆಂಡೆಂಟ್ ಪಕ್ಕದ ಮೇಜಿನಲ್ಲಿ ಏನೋ ಬರೆಯುತ್ತಿದ್ದರು.

ಕಾಲು ನೋಯುತ್ತದೆಯೇ ಎಂದು ಡಾಕ್ಟರ್ ಕೇಳಿದರು. ಗುಮಾಸ್ತ ಉರ್ದುವಿನಲ್ಲಿ ಕೇಳಿದ. ಕಾಕ ನನ್ನ ಮುಖ ನೋಡಿ ತುಳುವಿನಲ್ಲೇ ಹೇಳಿದರು: “ಕಾರ್‌ಡ್ ದಾಲಾ ಗೊತ್ತಾಪುಜಿ.” ಕಾಲಿನಲ್ಲಿ ಏನೂ ಗೊತ್ತಾಗುವುದಿಲ್ಲ ಎಂದು ಅರ್ಥ. ನಾನು ಬಾಯಿ ತೆರೆಯಲಿಲ್ಲ. ಅವರು ಪಾಪ, ಹಿಂದಿ ಹುಡುಕಿ, “ಪೈರ್ ಮೇ ಕುಛ್ ನಹೀ” ಎಂದರು. ಗುಮಾಸ್ತ ಅರಬ್ಬಿಯಲ್ಲಿ “ಮಾಫೀ” ಎಂದ. ಏನೂ ಇಲ್ಲ. ಡಾಕ್ಟರ್ ಫೈಲಿನಲ್ಲಿ ಬರೆದರು: ನೋವಿಲ್ಲ.

ಸಕ್ಕರೆ ಕಾಯಿಲೆಯವರ ಕಾಲಿನಲ್ಲಿ ಏನೂ ಗೊತ್ತಾಗದಿದ್ದರೆ ಅದು ನೋವಿಗಿಂತ ದೊಡ್ಡ ಅಪಾಯ ಎಂದು ನರ್ಸಿಂಗ್ ಕಲಿತ ಯಾರಿಗಾದರೂ ಗೊತ್ತು. ನನಗೂ ಗೊತ್ತಿತ್ತು. ಬೂಟು ಬಿಚ್ಚಿಸಿ ಎಂದು ಇಂಗ್ಲಿಷಿನಲ್ಲಿ ಹೇಳಬಹುದಿತ್ತಲ್ಲ, ಅದಕ್ಕೇನೂ ನಿಷೇಧ ಇರಲಿಲ್ಲವಲ್ಲ! ಆದರೆ ಅವರು ಹೇಳಿದ್ದು ನಿನಗೆ ಹೇಗೆ ತಿಳಿಯಿತು ಎಂದು ಕೇಳಿಬಿಟ್ಟರೆ ಎಂಬ ಹೆದರಿಕೆ. ಗಂಡನ ಕಂಪನಿ ಆಗ ತಾನೇ ಮುಚ್ಚಿತ್ತು, ಇಡೀ ಮನೆ ನನ್ನ ಇಕಾಮಾದ, ಅಂದರೆ ವಾಸದ ಪರವಾನಗಿಯ, ಮೇಲೆ ನಿಂತಿತ್ತು. ಇವೆಲ್ಲ ಕಾರಣಗಳೇ. ನೆಪ ಎಂದರೂ ಆದೀತು. ಕಾಕ ಮಾತ್ರೆಯ ಪೊಟ್ಟಣ ಹಿಡಿದು, ರಬ್ಬರ್ ಬೂಟಿನಲ್ಲೇ ಹೊರಟುಹೋದರು.

ಮೂರು ವಾರದ ಮೇಲೆ ಜೊತೆ ಕೆಲಸಗಾರರು ಅವರನ್ನು ಪಿಕಪ್ಪಿನಲ್ಲಿ ಮಲಗಿಸಿಕೊಂಡು ತಂದರು. ಜ್ವರ ಏರಿತ್ತು. ಬೂಟು ಬಿಚ್ಚಲಾಗದೆ ಕತ್ತರಿಸಿದೆವು. ಅಂಗಾಲಿನಲ್ಲಿ ಖರ್ಜೂರದ ಮರದ ಮುಳ್ಳು ಮುರಿದು ಒಳಗೇ ಉಳಿದಿತ್ತು, ನನ್ನ ಕಿರುಬೆರಳಿನಷ್ಟು ಉದ್ದ. ಅದು ಚುಚ್ಚಿದ್ದೇ ಅವರಿಗೆ ಗೊತ್ತಾಗಿರಲಿಲ್ಲ. ಪಾದ ಕಪ್ಪಾಗಿತ್ತು. ಮರುದಿನ ಮೊಣಕಾಲಿನ ಕೆಳಗೆ ತೆಗೆದರು.

ರಜೆಯಿಂದ ಮರಳಿದ ಚಾಕ್ಟಾ ಸಿಸ್ಟರ್ ಫೈಲ್ ತಿರುವಿ ಹಾಕಿದರು. ‘ನೋವಿಲ್ಲ’ ಎಂಬಲ್ಲಿ ಅವರ ಬೆರಳು ನಿಂತಿತು. ಆ ಕೋಣೆಯಲ್ಲಿ ಯಾರಿದ್ದರು ಎಂದು ಕೇಳಿದರು. ನಾನಿದ್ದೆ ಎಂದೆ. ನಡೆದದ್ದನ್ನೆಲ್ಲ ಹೇಳಿದೆ. ಅವರು ಫೈಲ್ ಮುಚ್ಚಿದರು. ಆಮೇಲೆ ಒಂದೇ ಮಾತು ಕೇಳಿದರು: “ನನಗೆ ಆಗ ಒಂಬತ್ತು ವರ್ಷ. ನಿನಗೆ ಎಷ್ಟು?”

ಬೈದಿದ್ದರೆ ಹಗುರಾಗುತ್ತಿತ್ತು.

ಅವರು ಫೈಲನ್ನು ಬಗಲಿಗಿಟ್ಟುಕೊಂಡು ನೇರ ಮೆಡಿಕಲ್ ಡೈರೆಕ್ಟರರ ಕೋಣೆಗೆ ನಡೆದರು. ನನ್ನನ್ನೂ ಕರೆದುಕೊಂಡು ಹೋದರು. ಭಾಷೆಯ ನಿಯಮ ರೋಗಿಗಳ ಸುರಕ್ಷತೆಗಾಗಿಯೇ ಮಾಡಿದ್ದು ಎಂದು ಡೈರೆಕ್ಟರ್ ನಯವಾಗಿ ಹೇಳಿದರು. ಸಿಸ್ಟರ್ ದನಿ ಏರಿಸಲಿಲ್ಲ. “ಯಾವ ರೋಗಿ? ಕೆಳಗಿನ ವಾರ್ಡಿನಲ್ಲಿ ಒಂದು ಕಾಲಿನಲ್ಲಿ ಮಲಗಿದ್ದಾನಲ್ಲ, ಅವನೋ?” ಎಂದರು. ನಾನೂ ಮೊದಲ ಸಲ ಬಾಯಿ ಬಿಟ್ಟೆ. ಆ ದಿನ ಆತ ಹೇಳಿದ್ದು ನನಗೆ ಅರ್ಥವಾಗಿತ್ತು, ನಿಮ್ಮ ಪತ್ರಕ್ಕೆ ಹೆದರಿ ಸುಮ್ಮನಿದ್ದೆ ಎಂದೆ. ಡೈರೆಕ್ಟರ್ ನನ್ನನ್ನು ನೋಡಿ, ಹಾಗಾದರೆ ತಪ್ಪು ನಿನ್ನದೇ ಅಲ್ಲವೇ ಎಂದರು. ಅವರ ಜಾಣತನಕ್ಕೆ ಬೆಂಕಿ ಬೀಳಲಿ. ತಪ್ಪು ನನ್ನದು ಹೌದು; ಬಾಯಿಗೆ ಬಟ್ಟೆ ತುರುಕಿದವರು ಅದನ್ನು ಹೇಳಬಾರದಿತ್ತು.

ಸುತ್ತೋಲೆ ರದ್ದಾಗಲಿಲ್ಲ. ಸಿಸ್ಟರ್ ಅದನ್ನು ಲೆಕ್ಕಕ್ಕಿಡದೆ ಒಂದು ಕೆಲಸ ಮಾಡಿದರು. ಯಾವ ನರ್ಸಿಗೆ ಯಾವ ಮಾತು ಬರುತ್ತದೆ ಎಂದು ಒಂದು ಹಾಳೆಯಲ್ಲಿ ಬರೆದು ವಿಭಾಗದ ಗೋಡೆಗೆ ಅಂಟಿಸಿದರು. ಸೂಪರಿಂಟೆಂಡೆಂಟ್ ಕಿತ್ತರು, ಇವರು ಮತ್ತೆ ಅಂಟಿಸಿದರು. ನಾಲ್ಕನೇ ಸಲ ಹಾಳೆ ಉಳಿಯಿತು. ಆದರೆ ಅವರ ಕಾಂಟ್ರಾಕ್ಟ್ ಮುಗಿದಾಗ ಮುಂದುವರಿಸಲಿಲ್ಲ. ಹೊರಡುವ ದಿನ, ಊರಲ್ಲಿ ತಮ್ಮ ಜನರ ಆಸ್ಪತ್ರೆಯಲ್ಲಿ ಕೆಲಸ ಕೇಳುತ್ತೇನೆ, ಅಲ್ಲಿಯೂ ಜಗಳವಾಡಲು ಬೇಕಾದಷ್ಟಿದೆ ಎಂದರು.

ಕಾಕನನ್ನು ಊರಿಗೆ ಕಳುಹಿಸಲು ಅವರ ಕಫೀಲ್, ಅಂದರೆ ಕೆಲಸಕ್ಕೆ ಕರೆಸಿಕೊಂಡ ಧಣಿ, ಕಾಗದಪತ್ರ ಮಾಡಿಸಿದ. ಹೊರಡುವ ಹಿಂದಿನ ದಿನ ಅವರ ಮಂಚದ ಬಳಿ ಕೂತು ಡ್ರೆಸಿಂಗ್ ಬದಲಿಸಿದೆ. ಸೂಪರಿಂಟೆಂಡೆಂಟ್ ಎದುರಿಗೇ ಇದ್ದರು. ನಾನು ತುಳುವಿನಲ್ಲೇ, ಜೋರಾಗಿಯೇ ಮಾತಾಡಿದೆ. ನಮ್ಮ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವ ಹಾಗೆ ಅವರು ನನ್ನನ್ನು ಬಾಯಮ್ಮ ಎನ್ನುತ್ತಿದ್ದರು.

“ಬಾಯಮ್ಮ, ಅವತ್ತು ನಾನು ಹೇಳಿದ್ದು ನಿಮಗೆ ಕೇಳಿಸಿರ್ಲಿಲ್ವಾ?” ಎಂದರು. ತಕರಾರಿನ ದನಿ ಅಲ್ಲ, ತಿಳಿದುಕೊಳ್ಳಬೇಕೆಂಬ ದನಿ.

“ಕೇಳಿಸಿತ್ತು ಕಾಕ,” ಎಂದೆ.

ಅವರು ತಲೆಯಾಡಿಸಿ ಗೋಡೆಯ ಕಡೆ ತಿರುಗಿದರು. ಕ್ಷಮಿಸಿದರೆಂದು ನಾನು ಎಂದೂ ಅಂದುಕೊಂಡಿಲ್ಲ. ಯಾಕೆ ಕ್ಷಮಿಸಬೇಕು?

ಆ ಸಂಜೆ ಎರಡನೆಯ ಪತ್ರ ಬಂತು. ಸಹಿ ಹಾಕಲಿಲ್ಲ. ಮೂರನೆಯದು ಬರಲೇ ಇಲ್ಲ. ನರ್ಸುಗಳ ಕೊರತೆ ಇತ್ತು, ಅಷ್ಟೇ.

ಅದಕ್ಕೆ ಒಂದು ವರ್ಷದ ಹಿಂದೆ ಮಗಳ ಇಂಡಿಯನ್ ಸ್ಕೂಲಿನ ಡೈರಿಯಲ್ಲಿ, ಮನೆಯಲ್ಲೂ ಇಂಗ್ಲಿಷ್ ಮಾತಾಡಿ ಎಂದು ಟೀಚರ್ ಬರೆದು ಕಳುಹಿಸಿದ್ದರು. ಅಂದಿನಿಂದ ನಾವು ಹಾಗೆಯೇ ಮಾಡುತ್ತಿದ್ದೆವು. ಕಾಕ ಹೋದ ಮೇಲೆ ನಾನು ಇದ್ದಕ್ಕಿದ್ದಂತೆ ಕೊಂಕಣಿಗೆ ಮರಳಿದ್ದು ಕಂಡು ಮಗಳು ನಾಚಿಕೊಂಡಳು, ಬಸ್ಸಿನ ಬಳಿ ಹಾಗೆ ಮಾತಾಡಬೇಡ ಎಂದಳು. ಅವಳಿಗೆ ಈಗ ಕೊಂಕಣಿ ಅರ್ಥವಾಗುತ್ತದೆ, ಮಾತು ಬರುವುದಿಲ್ಲ. ತಡವಾಗಿತ್ತು.

ಆಸ್ಪತ್ರೆಯಲ್ಲಿ ಉಳಿದ ವರ್ಷಗಳಲ್ಲಿ ನಾನು ಒಂದು ಪದ್ಧತಿ ಇಟ್ಟುಕೊಂಡೆ. ನಮ್ಮ ಕಡೆಯ ರೋಗಿ ತನ್ನ ನೋವನ್ನು ಹೇಗೆ ಹೇಳಿದನೋ ಹಾಗೆಯೇ, ಅವನದೇ ಮಾತಿನಲ್ಲಿ, ಕನ್ನಡ ಅಕ್ಷರದಲ್ಲಿ ನರ್ಸಿನ ಟಿಪ್ಪಣಿಯ ಮೊದಲ ಸಾಲಿಗೆ ಬರೆಯುತ್ತಿದ್ದೆ. ಇಂಗ್ಲಿಷ್ ಅದರ ಕೆಳಗೆ. ಒಂದು ದಿನ ಸೂಪರಿಂಟೆಂಡೆಂಟ್ ಹಾಳೆಯನ್ನು ಮುಂದೆ ಹಿಡಿದು ಇದೇನು ಗೀಚಿದ್ದೀಯ ಎಂದು ಕೇಳಿದರು.

“ರೋಗಿ ಹೇಳಿದ್ದು,” ಎಂದೆ.